ಪೆಡಲಿನ ಲೆಕ್ಕ ವಾಟ್‌ನಲ್ಲಿ

ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಅರ್ಧ ಏರಿನಲ್ಲೇ ಕಾಲೂರಿ ಏದುಸಿರು ಬಿಡುವ ಸೈಕಲ್ ಸವಾರರಲ್ಲಿ ಹಲವರು ಮೊದಲ ಕಿಲೋಮೀಟರ್‌ನಲ್ಲಿ ಎಲ್ಲರನ್ನೂ ಹಿಂದಿಕ್ಕಿದವರೇ. ಕಾಲಲ್ಲಿ ಕಸುವು ಇತ್ತು, ಖರ್ಚಿನ ಅಂದಾಜು ಇರಲಿಲ್ಲ. ಆ ಅಂದಾಜು ಕೊಡುವುದು ಪವರ್ ಮೀಟರ್.

ಎದುರುಗಾಳಿ ಬೀಸಿದರೆ ವೇಗ ಇಳಿಯುತ್ತದೆ, ಹಿಂದಿನಿಂದ ತಳ್ಳಿದರೆ ಏರುತ್ತದೆ. ವೇಗದಿಂದ ಶ್ರಮ ಅಳೆಯಲಾಗದು. ಹೃದಯ ಬಡಿತವೋ ತಡವಾಗಿ ಏರುತ್ತದೆ, ಬಿಸಿಲಿಗೂ ನಿದ್ದೆಗೇಡಿಗೂ ಬದಲಾಗುತ್ತದೆ. ವಾಟ್ ಮಾತ್ರ ಪೆಡಲಿಗೆ ಹಾಕಿದ ಶ್ರಮವನ್ನು ಆ ಕ್ಷಣವೇ ಹೇಳುತ್ತದೆ. ಬಲ ಬಿದ್ದಾಗ ಕ್ರ್ಯಾಂಕ್ ಅಥವಾ ಪೆಡಲಿನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದನ್ನು ಸ್ಟ್ರೇನ್ ಗೇಜ್ ಗುರುತಿಸುತ್ತದೆ. ಆ ಬಲವನ್ನು ತುಳಿತದ ವೇಗದೊಂದಿಗೆ ಗುಣಿಸಿದರೆ ವಾಟ್ ಸಿಕ್ಕಿತು. ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ 1980ರ ದಶಕದಲ್ಲಿ ಈ ಉಪಾಯವನ್ನು ಸೈಕಲ್ಲಿಗೆ ತಂದರು.

ಒಂದು ಲೆಕ್ಕ ನೋಡಿ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ. 100 ಮೀಟರ್ ಎತ್ತರವನ್ನು 7 ನಿಮಿಷದಲ್ಲಿ ಏರಲು ಗುರುತ್ವದ ವಿರುದ್ಧವೇ ಸುಮಾರು 187 ವಾಟ್ ಬೇಕು. 6 ನಿಮಿಷದಲ್ಲಿ ಮುಗಿಸುವ ಹಟಕ್ಕೆ 218. ಗಾಳಿ, ಟೈರಿನ ಘರ್ಷಣೆ ಬೇರೆ.

ಹೊರಡುವ ಮುನ್ನ ಸೈಕಲ್ಲನ್ನು ಹೊರಗೆ ಸ್ವಲ್ಪ ಹೊತ್ತು ನಿಲ್ಲಿಸಿ, ಪೆಡಲಿನ ಮೇಲೆ ಕಾಲಿಡದೆ ಝೀರೋ ಆಫ್‌ಸೆಟ್ ಮಾಡಬೇಕು, ಅಂದರೆ ಮೀಟರನ್ನು ಸೊನ್ನೆಗೆ ಹೊಂದಿಸಬೇಕು. ತಾಪಮಾನ ಬದಲಾದರೆ ಗೇಜಿನ ಸೊನ್ನೆಯೂ ಜಾರುತ್ತದೆ. ಬಹಳಷ್ಟು ಮಂದಿ ಬಿಟ್ಟುಬಿಡುವ ಕೆಲಸ ಇದೇ.

ಮುಂದಿನದು ಪರೀಕ್ಷೆ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು, ಸಿಗ್ನಲ್ ಇಲ್ಲದ ರಸ್ತೆಯಲ್ಲೋ ಟ್ರೈನರ್ ಮೇಲೋ 20 ನಿಮಿಷ ಶಕ್ತಿಮೀರಿ, ಆದರೆ ಸಮನಾಗಿ ತುಳಿಯಬೇಕು. ಸರಾಸರಿಯ ಶೇ 95ರಷ್ಟು ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ತಾಳಿಕೊಳ್ಳಬಹುದಾದ ಶಕ್ತಿಯ ಅಂದಾಜು. ಸರಾಸರಿ 220 ಬಂದರೆ ಎಫ್‌ಟಿಪಿ 209. ಮೊದಲ 5 ನಿಮಿಷದ ಹುಮ್ಮಸ್ಸೇ ಇಲ್ಲಿ ದೊಡ್ಡ ಶತ್ರು.

ಅಮೆರಿಕದ ವ್ಯಾಯಾಮ ಶರೀರವಿಜ್ಞಾನಿ ಆಂಡ್ರ್ಯೂ ಕಾಗನ್ ರೂಪಿಸಿದ ವಲಯಗಳ ಪ್ರಕಾರ ಇದೇ ಸವಾರನಿಗೆ ದೀರ್ಘ ಸವಾರಿಯ ಎರಡನೇ ವಲಯ ಶೇ 56ರಿಂದ 75, ಅಂದರೆ 117ರಿಂದ 157 ವಾಟ್. ನಾಲ್ಕನೆಯದು 190ರಿಂದ 219. ಅದರಲ್ಲಿ 10 ನಿಮಿಷದ ಮೂರು ಸುತ್ತು, ನಡುವೆ 5 ನಿಮಿಷ ಬಿಡುವು. ವಾರಕ್ಕೆ ಇಂಥ ಒಂದೆರಡು ದಿನ ಸಾಕು. ನಿಜಕ್ಕೂ ಕಷ್ಟವಾಗುವುದು ಎರಡನೇ ವಲಯ: ಪಕ್ಕದಿಂದ ಯಾರೋ ದಾಟಿಹೋದಾಗಲೂ 157 ಮೀರದೆ ಇರುವುದಕ್ಕೆ ಸಂಯಮ ಬೇಕು.

ಪರದೆಯಲ್ಲಿ 3 ಸೆಕೆಂಡಿನ ಸರಾಸರಿ ಇಟ್ಟುಕೊಳ್ಳಿ. ಕ್ಷಣಕ್ಷಣದ ಅಂಕಿ ಕುಣಿಯುತ್ತಲೇ ಇರುತ್ತದೆ. ಎಡಗಾಲನ್ನಷ್ಟೇ ಅಳೆಯುವ ಅಗ್ಗದ ಮೀಟರ್ ಅದನ್ನೇ ದುಪ್ಪಟ್ಟು ಮಾಡಿ ತೋರಿಸುತ್ತದೆ. ಆದ್ದರಿಂದ ಗೆಳೆಯನ ಅಂಕಿಗೆ ಹೋಲಿಸುವ ಬದಲು, ಆರೆಂಟು ವಾರಗಳ ಬಳಿಕ ಅದೇ ಮೀಟರ್‌ನಲ್ಲಿ, ಅದೇ ದಾರಿಯಲ್ಲಿ ಪರೀಕ್ಷೆ ಮತ್ತೆ ಮಾಡಿ, ವಲಯಗಳನ್ನು ಹೊಸದಾಗಿ ಬರೆದುಕೊಳ್ಳಬೇಕು.