ಹಿರಿಯರ ಮರೆವನ್ನು ಕಡೆಗಣಿಸದಿರೋಣ

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಮನೆಯ ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ ‘ವಯಸ್ಸಾಯಿತು’ ಎಂದು ನಾವು ಸುಮ್ಮನಾಗುತ್ತೇವೆ. ಕನ್ನಡಕ ಇಟ್ಟ ಜಾಗವನ್ನು ಆಗಾಗ ಮರೆಯುವುದು ವಯೋಸಹಜ. ಆದರೆ ದಿನವೂ ನಡೆದ ದಾರಿಯೇ ತಪ್ಪುವುದು, ಮಾಡಿ ಪಳಗಿದ ಅಡುಗೆಯ ಕ್ರಮವೇ ಮರೆತುಹೋಗುವುದು ರೋಗದ ಲಕ್ಷಣವಾಗಿರಬಹುದು.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ಅವರು ಮರೆವಿನ ರೋಗದಿಂದ ಬಳಲಿ ತೀರಿಕೊಂಡ ಮಹಿಳೆಯೊಬ್ಬರ ಮಿದುಳನ್ನು ಪರೀಕ್ಷಿಸಿ, ಅದರಲ್ಲಿ ಕಂಡ ವಿಕಾರಗಳನ್ನು 1906ರಲ್ಲಿ ವಿವರಿಸಿದರು. ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಶೇಖರವಾಗುತ್ತದೆ. ಒಳಗೆ ಟೌ ಎಂಬ ಪ್ರೋಟೀನು ಗಂಟುಗಟ್ಟುತ್ತದೆ. ಕ್ರಮೇಣ ಕೋಶಗಳ ನಡುವಣ ಸಂಪರ್ಕ ಕಡಿದು, ಕೋಶಗಳು ನಶಿಸುತ್ತವೆ. ಈ ಬದಲಾವಣೆಗಳು ಮರೆವು ಕಾಣಿಸಿಕೊಳ್ಳುವುದಕ್ಕೆ 15-20 ವರ್ಷಗಳ ಮೊದಲೇ ಆರಂಭವಾಗುತ್ತವೆಂದು ಈಚಿನ ಸಂಶೋಧನೆಗಳು ತಿಳಿಸುತ್ತವೆ. ಆದ್ದರಿಂದ ಮಿದುಳಿನ ರಕ್ಷಣೆ ನಡುವಯಸ್ಸಿನಲ್ಲಿಯೇ ಮೊದಲಾಗಬೇಕು.

‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಇಂತಹ ಮರೆವಿನ ರೋಗಗಳಿಗೆ ಕಾರಣವಾಗಬಲ್ಲ, ಆದರೆ ಸರಿಪಡಿಸಬಹುದಾದ 14 ಅಂಶಗಳನ್ನು ಗುರುತಿಸಿತು. ಅಧಿಕ ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟರಾಲ್, ಧೂಮಪಾನ, ಮದ್ಯಪಾನ, ದೈಹಿಕ ಶ್ರಮದ ಅಭಾವ, ಕಿವುಡು, ಒಂಟಿತನ ಇವುಗಳಲ್ಲಿ ಸೇರಿವೆ. ಈ ಎಲ್ಲ ಅಂಶಗಳನ್ನೂ ನಿವಾರಿಸಿದರೆ ಶೇಕಡ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂಬುದು ಅದರ ಅಂದಾಜು. ಕಿವಿ ಮಂದವಾದವರು ಮಾತುಕತೆಯಿಂದ ದೂರ ಸರಿಯುತ್ತಾರೆ. ಮಿದುಳಿಗೆ ದೊರೆಯುವ ಚೇತನವೂ ಕುಗ್ಗುತ್ತದೆ. ಅಂಥವರಿಗೆ ಶ್ರವಣಯಂತ್ರ ಕೊಡಿಸುವುದು ಅನಗತ್ಯ ವೆಚ್ಚವಲ್ಲ.

ಸಸ್ಯಾಹಾರಿಗಳಾದ ನಾವು ಇನ್ನೊಂದು ಸಂಗತಿಯನ್ನು ಅರಿಯಬೇಕು. ಬಿ-12 ಜೀವಸತ್ವದ ಕೊರತೆಯೂ ಮರೆವನ್ನು ತರುತ್ತದೆ. ಕಾಳು, ಸೊಪ್ಪು, ತರಕಾರಿಗಳಿಂದ ಅದು ಲಭಿಸದು. ಹಾಲು, ಮೊಸರುಗಳಲ್ಲಿ ಇದೆಯಾದರೂ ವೃದ್ಧರ ದೇಹವು ಅದನ್ನು ಸರಿಯಾಗಿ ಹೀರಿಕೊಳ್ಳದಿರಬಹುದು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆಗಳಿಂದಲೂ ಮರೆವು ಉಂಟಾಗುತ್ತದೆ. ಇವುಗಳಿಗೆ ಚಿಕಿತ್ಸೆಯುಂಟು, ಸಕಾಲದಲ್ಲಿ ದೊರೆತರೆ ಮರೆವು ಬಹುಮಟ್ಟಿಗೆ ಹಿಂಜರಿಯುತ್ತದೆ, ತಡವಾದರೆ ಹಾನಿ ಉಳಿದುಬಿಡಬಹುದು.

ಆದಕಾರಣ ಹಿರಿಯರ ಮರೆವು ಹೆಚ್ಚುತ್ತಿರುವುದು ಕಂಡೊಡನೆ ವೈದ್ಯರಲ್ಲಿಗೆ ಕರೆದೊಯ್ಯೋಣ, ರಕ್ತಪರೀಕ್ಷೆ ಮಾಡಿಸೋಣ. ಕೈಲಾದ ಕಾಯಕದಿಂದ, ಸತ್ಸಂಗದಿಂದ ಅವರನ್ನು ದೂರವಿಡದಿರೋಣ. ಪರೀಕ್ಷೆಯ ನಂತರ ಗುಣವಾಗದ ರೋಗವೆಂದೇ ತಿಳಿದರೂ ಗದರಿಸದೆ, ನಗೆಯಾಡದೆ, ಕೇಳಿದ್ದಕ್ಕೆ ಹತ್ತನೆಯ ಸಲವೂ ಶಾಂತವಾಗಿ ಉತ್ತರಿಸೋಣ. ಮನೆಯಲ್ಲಿ ನಾವು ಸಲ್ಲಿಸಬಹುದಾದ ದಾಸೋಹಗಳಲ್ಲಿ ಇದೂ ಒಂದು.