ದೂರದ ಧ್ವನಿಯೂ ಮನೆಯ ತಂತಿಯೂ

ಹಗಲಿನಲ್ಲಿ ಮೌನವಾಗಿರುವ ದೂರದ ಮಧ್ಯಮ ತರಂಗದ ನಿಲಯಗಳು ರಾತ್ರಿಯಲ್ಲಿ ನಮಗೆ ಕೇಳಿಸುವುದೇಕೆ? ಆಕಾಶದಲ್ಲಿ ಸುಮಾರು 100 ಕಿಲೋಮೀಟರು ಎತ್ತರದಿಂದ ಮೇಲಕ್ಕಿರುವ ವಿದ್ಯುತ್ಕಣಗಳ ಪದರಗಳು ಆ ತರಂಗಗಳನ್ನು ಭೂಮಿಗೆ ಹಿಂದಿರುಗಿಸುತ್ತವೆ. ಹಗಲಿನಲ್ಲಾದರೋ, ಅವುಗಳ ಕೆಳಗೆ ಸೂರ್ಯಕಿರಣಗಳಿಂದುಂಟಾಗುವ ಬೇರೊಂದು ಪದರವು ಅವನ್ನು ಹೀರಿಬಿಡುವುದು. ಸೂರ್ಯಾಸ್ತವಾದ ಮೇಲೆ ಇದು ಬಹುಮಟ್ಟಿಗೆ ಅಳಿದುಹೋಗುವುದು.

1901ರ ಡಿಸೆಂಬರ್ 12ರಂದು ಮಾರ್ಕೋನಿಯವರು ನ್ಯೂಫೌಂಡ್‌ಲೆಂಡಿನಲ್ಲಿ ಗಾಳಿಪಟದಿಂದ ತಂತಿಯನ್ನು ಮೇಲೆತ್ತಿ, ಸಾಗರದಾಚೆಯ ಇಂಗ್ಲೆಂಡಿನಿಂದ ಬಂದ ಮೋರ್ಸ್ ಸಂಕೇತದ ಮೂರು ಚುಕ್ಕೆಗಳನ್ನು ಕೇಳಿದೆನೆಂದರು. ಆಗ ಹಗಲಾಗಿದ್ದುದರಿಂದ ಕೆಲವರು ಇದನ್ನು ಇಂದಿಗೂ ಸಂದೇಹಿಸುವರು. ಗಾಳಿಪಟದ ಉಪಾಯವನ್ನಂತೂ ನಾವು ಮೆಚ್ಚುತ್ತೇವೆ.

ಮನೆಯಲ್ಲಿ ಸುಮಾರು 15 ಮೀಟರು ತಾಮ್ರದ ತಂತಿಯನ್ನು, ವಿದ್ಯುತ್ತಂತಿಗಳಿಗೆ ದೂರವಾಗಿ, ಎತ್ತರದಲ್ಲಿ ಕಟ್ಟಿದರೆ ಸಾಕು. ಗುಡುಗು ಕೇಳಿದ ಮೇಲೆ ಯಾರೂ ಅದನ್ನು ಮುಟ್ಟಕೂಡದು. ಮೋಡ ಕವಿಯುವ ಮೊದಲೇ ರೇಡಿಯೋವಿನಿಂದ ಬಿಡಿಸಿ, ಮನೆಯ ಹೊರಗೆ ನೆಲದಲ್ಲಿ ಹೂತ ಲೋಹದ ಕಂಬಿಗೆ ಜೋಡಿಸತಕ್ಕದ್ದು.