ಮೊಬೈಲಿನ ಬ್ಯಾಟರಿ ಬಿಚ್ಚುವ ಹಕ್ಕು



ಮುಂಗಾರು ಶುರುವಾಗುವ ಹೊತ್ತಿನಲ್ಲಿ ಹಳ್ಳಿಖೇಡ (ಬಿ)ಯ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ, ಪುಸ್ತಕ ಬರೆದು ಮುಗಿಯುವಷ್ಟರಲ್ಲಿ ಒಬ್ಬ ಸದಸ್ಯೆ ಸೆರಗಿನಲ್ಲಿ ಸುತ್ತಿಕೊಂಡಿದ್ದ ಮೊಬೈಲು ತೆಗೆದು ಮುಂದಿಟ್ಟರು. "ನೋಡ್ರಿ ಸಿಸ್ಟರ್, ಇದಕ್ಕ ಹೊಟ್ಟಿ ಬಂದದ" ಎಂದರು. ಎಲ್ಲರೂ ನಕ್ಕರು. ನಿಜಕ್ಕೂ ಹಿಂಬದಿ ಉಬ್ಬಿ, ಗಾಜು ಒಂದು ಕಡೆ ಮೇಲೆದ್ದಿತ್ತು. ಅಂಗಡಿಯವರು "ಇದರ ಬ್ಯಾಟ್ರಿ ಬಿಚ್ಲಾಕ ಬರಲ್ಲ, ಹೊಸಾದು ತಗೊಳ್ರಿ" ಎಂದು ಹೇಳಿ ಕಳಿಸಿದ್ದರಂತೆ. ಸೋಯಾ ಬೀಜ, ಗೊಬ್ಬರಕ್ಕೆಂದು ಕೇಳಿದ್ದ ಸಾಲಕ್ಕೆ ಇನ್ನೂ ಹತ್ತು ಸಾವಿರ ಸೇರಿಸಿ ಬರೆಸಬೇಕೆಂದು ಆಕೆ ಬಂದಿದ್ದರು. ಆಗ ನಗು ನಿಂತಿತು.

ಫೋನ್ ಇಲ್ಲದೆ ಈಗ ನಡೆಯುವುದಿಲ್ಲ, ಖರೆ. ಬ್ಯಾಂಕಿನ ಓಟಿಪಿ ಅದಕ್ಕೇ ಬರಬೇಕು, ಗೃಹಲಕ್ಷ್ಮಿ ಹಣ ಜಮಾ ಆಯಿತೋ ಇಲ್ಲವೋ ಅದರಲ್ಲೇ ನೋಡಬೇಕು, ಪುಣೆಗೆ ದುಡಿಯಲು ಹೋದ ಮಗನ ಮಾತು ಅದರಲ್ಲೇ ಕೇಳಬೇಕು. ಆದರೆ ಆ ಫೋನಿನಲ್ಲಿ ಕೆಟ್ಟಿದ್ದೇನು? ಬ್ಯಾಟರಿ ಒಂದೇ. ಕುಂಟೆಯ ಕುಡ ಸವೆದರೆ ಕುಡ ಹಾಕಿಸುತ್ತೇವೆ, ಕುಂಟೆಯನ್ನೇ ಎಸೆಯುವುದಿಲ್ಲ.

ಬ್ಯಾಟರಿ ಸವೆಯುವ ವಸ್ತು. ಮೊಬೈಲಿನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಪ್ರತಿ ಸಲ ಚಾರ್ಜ್ ಮಾಡಿ ಖಾಲಿ ಮಾಡಿದಾಗಲೂ ಒಳಗಿನ ರಾಸಾಯನಿಕ ತುಸು ತುಸುವೇ ಬಲ ಕಳೆದುಕೊಳ್ಳುತ್ತದೆ. ದಿನಾ ಚಾರ್ಜ್ ಮಾಡುವ ಫೋನಿನಲ್ಲಿ ಎರಡು ಮೂರು ವರ್ಷಕ್ಕೆ ಈ ಸವೆತ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಬೀದರ ಜಿಲ್ಲೆಯ ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಚಾರ್ಜಿಗೆ ಇಟ್ಟರೆ ಇನ್ನೂ ಬೇಗ. ಹಳತಾದಾಗ ಕೆಲವು ಬ್ಯಾಟರಿಗಳ ಒಳಗೆ ಅನಿಲ ತುಂಬಿ ಉಬ್ಬುತ್ತವೆ.

ಹಿಂದಿನ ಫೋನುಗಳು ನಿಮಗೆ ನೆನಪಿರಬಹುದು. ಉಗುರಿನಿಂದ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುತ್ತಿತ್ತು. 2007ರ ಆಗಸ್ಟ್‌ನಲ್ಲಿ ನೋಕಿಯಾ ಕಂಪನಿ ಒಂದು ಎಚ್ಚರಿಕೆ ಕೊಟ್ಟಿತು. ಮತ್ಸುಶಿತಾ ಎಂಬ ಕಂಪನಿ ಮಾಡಿಕೊಟ್ಟಿದ್ದ ಬಿಎಲ್-5ಸಿ ಬ್ಯಾಟರಿಗಳಲ್ಲಿ ಸುಮಾರು 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜ್ ಮಾಡುವಾಗ ವಿಪರೀತ ಬಿಸಿಯಾಗಬಹುದು ಎಂದಿತು. ಜನ ಗಾಬರಿಯಾದರು. ಆದರೆ ಮಾಡಬೇಕಾದ್ದು ಇಷ್ಟೇ: ಮುಚ್ಚಳ ತೆಗೆದು, ಬ್ಯಾಟರಿಯ ಹಿಂದಿನ ಸಂಖ್ಯೆ ನೋಡಿ, ಅದು ಆ ಪೈಕಿಯದಾಗಿದ್ದರೆ ಪುಕ್ಕಟೆ ಬದಲಿಸಿಕೊಳ್ಳುವುದು. ಫೋನ್ ಮನೆಯಲ್ಲೇ ಉಳಿಯಿತು. 2016ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ನೋಟ್ 7 ಫೋನುಗಳ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳತೊಡಗಿತು. ಅದು ಒಳಗೇ ಮುಚ್ಚಿದ ಬ್ಯಾಟರಿ. ಹೀಗಾಗಿ ಸುಮಾರು 25 ಲಕ್ಷ ಫೋನುಗಳನ್ನೇ ವಾಪಸ್ ಕರೆಯಬೇಕಾಯಿತು; ಬದಲಿಗೆ ಕೊಟ್ಟವೂ ಸುಟ್ಟಾಗ ಅಕ್ಟೋಬರಿನಲ್ಲಿ ಆ ಫೋನಿನ ತಯಾರಿಕೆಯೇ ನಿಂತಿತು. ಎರಡೂ ಕಡೆ ದೋಷ ಬ್ಯಾಟರಿಯದೇ.

ಮುಚ್ಚಿದರೆ ಫೋನ್ ತೆಳ್ಳಗಾಗುತ್ತದೆ, ನೀರು ಹೋಗುವುದಿಲ್ಲ ಎಂದು ಕಂಪನಿಗಳು ಹೇಳುತ್ತವೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಹೊಸ ಫೋನೂ ಮಾರಾಟವಾಗುತ್ತದೆ, ಅದನ್ನೂ ಮರೆಯಬಾರದು.

27 ದೇಶಗಳ ಐರೋಪ್ಯ ಒಕ್ಕೂಟ 2023ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಕೈಯಲ್ಲಿ ಹಿಡಿಯುವ ಸಾಮಾನುಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು, ಪೇಟೆಯಲ್ಲಿ ಸಿಗುವ ಸಾದಾ ಸ್ಕ್ರೂಡ್ರೈವರಿನಂಥ ಉಪಕರಣ ಸಾಕಾಗಬೇಕು, ಬಿಸಿ ಮಾಡಿ ಅಂಟು ಬಿಡಿಸುವ ಕೆಲಸ ಇರಕೂಡದು ಎಂದು ಅದು ಹೇಳುತ್ತದೆ. ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಬಿಡಿ ಬ್ಯಾಟರಿ ನ್ಯಾಯವಾದ ಬೆಲೆಗೆ ಸಿಗಬೇಕು. ಈ ನಿಯಮ ಅನ್ವಯವಾಗುವ ದಿನ 2027ರ ಫೆಬ್ರವರಿ 18. ಮೊಬೈಲಿಗೆ ಮಾತ್ರ ಒಂದು ವಿನಾಯಿತಿ ಇದೆ: 1000 ಸಲ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ ಶೇಕಡಾ 80ರಷ್ಟು ಬಲ ಉಳಿದು, ಫೋನ್ ನೀರು ಧೂಳು ತಡೆಯುವಂತಿದ್ದರೆ, ರಿಪೇರಿ ಕಲಿತವರು ಬದಲಿಸುವಂತಿದ್ದರೂ ನಡೆಯುತ್ತದೆ. ಕಂಪನಿಗಳು ಈ ಸಂದಿಯಲ್ಲಿ ನುಸುಳಿಯಾವು. ಆದರೂ ಆಗ ಬ್ಯಾಟರಿಯಾದರೂ ಗಟ್ಟಿ ಇರಬೇಕಾಗುತ್ತದಲ್ಲ!

ನಮ್ಮ ದೇಶದಲ್ಲಿ ಏನಿದೆ? 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇವೆ. ಹಳೆ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ಅವು ತಯಾರಕರ ಮೇಲೆ ಹಾಕಿವೆ. ಮನೆಯ ಕಸದ ಜೊತೆ ಬ್ಯಾಟರಿ ಬೆರೆಸಬಾರದು ಎಂಬುದು ನಮ್ಮ ಹೊಣೆ. ಆದರೆ ಬ್ಯಾಟರಿ ನಾವೇ ಬಿಚ್ಚುವಂತಿರಬೇಕು ಎಂಬ ಮಾತು ಅವುಗಳಲ್ಲಿಲ್ಲ. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಜಾಲತಾಣ ತೆರೆಯಿತು. ಯಾವ ಸಾಮಾನು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಬಗ್ಗೆ 2024ರಲ್ಲಿ ಒಂದು ಸಮಿತಿಯನ್ನೂ ನೇಮಿಸಿತು.

ಅಲ್ಲಿಯವರೆಗೆ ಕೊಳ್ಳುವ ಮುಂಚೆ ಕೇಳುವುದೇ ನಮ್ಮ ದಾರಿ. "ಇದರ ಬ್ಯಾಟ್ರಿ ಹೋದ್ರ ಎಲ್ಲಿ ಹಾಕ್ತಾರ, ಎಷ್ಟ ಆಗ್ತದ?" ಎಂದು ಅಂಗಡಿಯಲ್ಲೇ ಕೇಳಿರಿ. ಹುಮನಾಬಾದಿನಲ್ಲೇ ಆಗುತ್ತದೋ, ಕಲಬುರಗಿಗೆ ಹೋಗಬೇಕೋ? ಬಸ್ ಖರ್ಚು, ಒಂದು ದಿನದ ಕೂಲಿ ಅದಕ್ಕೆ ಸೇರಿಸಿ ಲೆಕ್ಕ ಹಾಕಿರಿ. ಬರೀ ಮಾತಾಡಲು ಫೋನ್ ಬೇಕಾದವರಿಗೆ ಮುಚ್ಚಳ ತೆರೆಯುವ ಬಟನ್ ಫೋನು ಇಂದಿಗೂ ಸಾಕು. ಚಾರ್ಜಿಂಗ್ ಟಾರ್ಚಿಗೂ ಇದೇ ಪ್ರಶ್ನೆ ಕೇಳಿರಿ. ಬಿಲ್ ಇಲ್ಲದೆ ತರಬೇಡಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬೀದರಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು; 5 ಲಕ್ಷದವರೆಗಿನ ಸಾಮಾನಿನ ದೂರಿಗೆ ಶುಲ್ಕವಿಲ್ಲ.

ಬ್ಯಾಟರಿ ಉಬ್ಬಿದ್ದರೆ ಫೋನ್ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಸೂಜಿ ಚುಚ್ಚಿ ಗಾಳಿ ಬಿಡುವ ಸಾಹಸ ಬೇಡವೇ ಬೇಡ, ಬೆಂಕಿ ಹತ್ತುತ್ತದೆ. ಒಲೆ, ಹಾಸಿಗೆ, ಕಣಕಿಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಒಣ ಮರಳು ಹಾಕಿದ ಮಣ್ಣಿನ ಗಡಿಗೆಯಲ್ಲಿಟ್ಟು ಬೇಗ ರಿಪೇರಿಯವರಿಗೆ ತಲುಪಿಸಿರಿ. ಅಂಟು ಹಾಕಿದ ಬ್ಯಾಟರಿಯನ್ನು ಮನೆಯಲ್ಲಿ ಚಾಕುವಿನಿಂದ ಕೀಳಬಾರದು. ಹಳತನ್ನು ತಿಪ್ಪೆಗೆ ಹಾಕಬಾರದು, ಸುಡಲೂಬಾರದು.

ಅಂದು ಸಂಘದವರು ಸಾಲದ ನಿರ್ಣಯವನ್ನು ಒಂದು ವಾರ ಮುಂದೂಡಿದರು. ಹುಮನಾಬಾದಿನಲ್ಲಿ ಒಬ್ಬ ರಿಪೇರಿ ಹುಡುಗ ಅಂಟು ಬಿಡಿಸಿ ಹೊಸ ಬ್ಯಾಟರಿ ಹಾಕಿಕೊಟ್ಟ. ಖರ್ಚು 1,200 ರೂಪಾಯಿ. ಅದಕ್ಕಿಂತ ಅಗ್ಗದ್ದೂ ಇತ್ತಂತೆ, ಹೆಸರಿಲ್ಲದ್ದು. ಅದನ್ನು ಹಾಕಿಸದಿದ್ದದ್ದೇ ಒಳ್ಳೆಯದಾಯಿತು. ಸಾಲ ಬೀಜಕ್ಕಷ್ಟೇ ಮಂಜೂರಾಯಿತು.

ಮುಂದಿನ ಸಭೆಯಲ್ಲಿ ಚರ್ಚೆಗೆ: ಕಳೆದ ಐದು ವರ್ಷದಲ್ಲಿ ನಿಮ್ಮ ಮನೆಗೆ ಎಷ್ಟು ಫೋನ್ ಬಂದವು, ಅವುಗಳಲ್ಲಿ ಬ್ಯಾಟರಿಗಾಗಿಯೇ ಬಿಟ್ಟದ್ದೆಷ್ಟು? ಸಂಘದ ಸಾಲದಿಂದ ಕೊಂಡವು ಎಷ್ಟು? ಕೆಟ್ಟ ಬ್ಯಾಟರಿಗಳು ಈಗ ಮನೆಯಲ್ಲಿ ಎಲ್ಲಿವೆ?